ತಾಪವೂ ಪಶ್ಚಾತ್ತಾಪವೂ

ಹೋದ ತಿಂಗಳು ಇದೇ ಪುಟದಲ್ಲಿ ಬಾವಿಯ ಪಂಪಿನ ಸಂರಕ್ಷಣೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆನು. ಈ ತಿಂಗಳು ಕಂಪ್ಯೂಟರಿನ ವಿಷಯಕ್ಕೆ ಕೈ ಹಾಕಿರುವುದನ್ನು ಕಂಡು ವಾಚಕರಲ್ಲಿ ಕೆಲವರಾದರೂ ಮುಗುಳುನಗೆ ನಕ್ಕಾರು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಶಬ್ದರೂಪಗಳನ್ನೂ ಸಂಧಿಗಳನ್ನೂ ಹೇಳಿಕೊಟ್ಟು ನಿವೃತ್ತನಾದ ಸಂಸ್ಕೃತದ ಉಪಾಧ್ಯಾಯನಿಗೆ ಈ ಯಂತ್ರದ ಗೊಡವೆ ಏಕೆಂದು ಕೇಳುವುದು ನ್ಯಾಯವೇ ಸರಿ. ಆದರೆ ಹಿಂದೆ ಹೊಲಿಗೆಯ ಯಂತ್ರವು ಹೇಗೋ ಹಾಗೆ ಇಂದು ಕಂಪ್ಯೂಟರು ಅನೇಕ ಮನೆಗಳಲ್ಲಿ ಅನ್ನ ಸಂಪಾದಿಸಿಕೊಡುವ ಉಪಕರಣವಾಗಿದೆ. ಅದರ ಕಾರಣವಾಗಿ ನಮ್ಮ ಮನೆಯಲ್ಲಿ ಒಂದು ಪ್ರಮಾದವು ನಡೆಯಿತು. ಆ ಪ್ರಮಾದದಲ್ಲಿ ದೊಡ್ಡ ಪಾಲು ನನ್ನದೇ. ಅದನ್ನು ಮುಚ್ಚಿಡುವುದಕ್ಕಿಂತ ನಾಲ್ಕು ಜನ ಗೃಹಸ್ಥರಿಗೆ ಉಪಯೋಗವಾಗುವಂತೆ ಬಿಚ್ಚಿ ಹೇಳುವುದೇ ಮೇಲೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾವಿರುವುದು ದಾವಣಗೆರೆಯಲ್ಲಿ. ನನ್ನ ಕಿರಿಯ ಮಗಳು ಕಟ್ಟಡಗಳ ನಕ್ಷೆಯ ವಿದ್ಯೆಯನ್ನು ಕಲಿತು, ಮನೆಯಲ್ಲಿಯೇ ಕುಳಿತು ಕೆಲಸ ಮಾಡುತ್ತಾಳೆ. ಇನ್ನೂ ಪಾಯವನ್ನೇ ತೋಡದ ಮನೆಯೊಂದು ಕಟ್ಟಿ ಮುಗಿದ ಮೇಲೆ ಹೇಗೆ ಕಾಣುವುದು, ಪಡಸಾಲೆಗೆ ಬೆಳಗಿನ ಬಿಸಿಲು ಎಲ್ಲಿಂದ ಬೀಳುವುದು ಎಂಬುದನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ತೋರಿಸುವುದೇ ಅವಳ ಉದ್ಯೋಗ. ಇದಕ್ಕೆ ರೆಂಡರಿಂಗು ಎಂದು ಹೆಸರು. ಬೆಳಕಿನ ಒಂದೊಂದು ಕಿರಣದ ದಾರಿಯನ್ನೂ ಯಂತ್ರವು ಲೆಕ್ಕ ಹಾಕಬೇಕಾದುದರಿಂದ ಒಂದು ಮನೆಯ ಚಿತ್ರಗಳಿಗೆ ಒಂಬತ್ತು ಗಂಟೆಗಳ ಕಾಲ ಹಿಡಿಯುತ್ತಿತ್ತು. ನನ್ನ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಕೊಟ್ಟು ಕೊಂಡ ಈ ಯಂತ್ರದಲ್ಲಿ ಎ.ಎಂ.ಡಿ. ಸಂಸ್ಥೆಯವರ ರೈಜೆನ್ 5 5600ಎಕ್ಸ್ ಎಂಬ ಪ್ರೊಸೆಸರು ಇದೆ. ನಮ್ಮ ಮನೆಯಲ್ಲಿ ರೆಂಡರಿಂಗಿನ ಭಾರವನ್ನೆಲ್ಲ ಹೊರುವುದು ಅದೇ.

ಪ್ರೊಸೆಸರೆಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಅಂಗ. ಅದು ಗಡಿಯಾರದಂತೆ ತಾಳ ಹಿಡಿದು ನಡೆಯುತ್ತದೆ. ತಾಳವು ಚುರುಕಾದಷ್ಟೂ ಕೆಲಸವೂ ಚುರುಕು. ಒಂದು ಗಿಗಾಹರ್ಟ್ಜ್ ಎಂದರೆ ಸೆಕೆಂಡಿಗೆ ನೂರು ಕೋಟಿ ತಾಳ. ಮೇಲೆ ಹೇಳಿದ ಪ್ರೊಸೆಸರಿನೊಳಗೆ ಕೋರು ಎನ್ನುವ ಆರು ಲೆಕ್ಕಿಗರಿದ್ದಾರೆ. ಒಬ್ಬಿಬ್ಬರೇ ದುಡಿಯುವಾಗ ಅದರ ವೇಗವು 4.6 ಗಿಗಾಹರ್ಟ್ಜ್‌ವರೆಗೆ ಏರುವುದು; ಆರೂ ಮಂದಿ ಒಟ್ಟಿಗೆ ದುಡಿಯುವಾಗ ಅಷ್ಟು ಏರದೆ, ನಮ್ಮ ಯಂತ್ರದಲ್ಲಿ 4.2ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ತಯಾರಕರು ಗೊತ್ತುಮಾಡಿದ ನಡೆಯನ್ನು ಮೀರಿ ಪ್ರೊಸೆಸರನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗು ಎಂದು ಹೆಸರು. ಜನವರಿ ತಿಂಗಳಲ್ಲಿ ನನ್ನ ಮಗಳು ಇದನ್ನು ಪ್ರಯತ್ನಿಸಿ, ಆರೂ ಕೋರುಗಳನ್ನು 4.6 ಗಿಗಾಹರ್ಟ್ಜ್ ವೇಗದಲ್ಲಿ ನಿಲ್ಲಿಸಿದಳು. ಒಂಬತ್ತು ಗಂಟೆಯ ಕೆಲಸವು ಎಂಟು ಗಂಟೆ ಹದಿಮೂರು ನಿಮಿಷಕ್ಕೆ ಮುಗಿಯಿತು. ನಲವತ್ತೇಳು ನಿಮಿಷದ ಲಾಭ!

ಆಗ ಅವಳು, "ಅಪ್ಪಾ, ಇದು ಚಳಿಗಾಲವಾದ್ದರಿಂದ ನಡೆಯಿತು. ಬೇಸಿಗೆಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಬೇಕು. ಅಲ್ಲಿಯ ತನಕ ಕೆಲಸ ಹೆಚ್ಚಿಸಿಕೊಳ್ಳುವುದು ಬೇಡ" ಎಂದಳು. ನಾನು, "ಓಡುವ ಕುದುರೆಯನ್ನು ಲಾಯದಲ್ಲಿ ಕಟ್ಟಿ ಹಾಕುತ್ತಾರೇನಮ್ಮಾ?" ಎಂದೆನು. ಅಷ್ಟೇ ಅಲ್ಲ, ಪರಿಚಿತರಾದ ಒಬ್ಬ ಎಂಜಿನಿಯರು ಏಪ್ರಿಲ್ ತಿಂಗಳಲ್ಲಿ ಮೂರು ಮನೆಗಳ ಚಿತ್ರಗಳನ್ನು ಅವಸರದಲ್ಲಿ ಕೇಳಿದಾಗ, ಅವಳ ಪರವಾಗಿ ಒಪ್ಪಿಗೆಯ ಮಾತನ್ನು ನಾನೇ ಕೊಟ್ಟೆನು.

ಕೊನೆಯ ರಾತ್ರಿ ಯಂತ್ರವನ್ನು ಕೆಲಸಕ್ಕೆ ಹಚ್ಚಿ ಅವಳು ಮಲಗಿದಳು. ಅದರ ಫ್ಯಾನಿನ ಸದ್ದಿಗೆ ಮನೆಯಾಕೆಗೆ ನಿದ್ರೆ ಹತ್ತುತ್ತಿಲ್ಲವೆಂದು ಆ ಕೊಠಡಿಯ ಬಾಗಿಲನ್ನು ಮುಚ್ಚಿದವನೂ ನಾನೇ. ಮೇಲ್ಮಾಳಿಗೆಯ ಕೊಠಡಿ, ಹಗಲೆಲ್ಲ ಬಿಸಿಲುಂಡ ತಾರಸಿ ರಾತ್ರಿಯೂ ಕಾದೇ ಇತ್ತು. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ನೋಡಿದರೆ ಸದ್ದಿಲ್ಲ, ಪರದೆಯಲ್ಲಿ ಬೆಳಕಿಲ್ಲ. ತಾಪವು ಮಿತಿಯನ್ನು ಮೀರಿ ಯಂತ್ರವು ತಾನಾಗಿ ಆರಿಹೋಗಿತ್ತು. ಮೂರನೆಯ ಮನೆಯ ಚಿತ್ರಗಳೆಲ್ಲ ಅಲ್ಲಿಗೇ ನಿಂತಿದ್ದವು. ಎರಡು ದಿನ ತಡವಾಯಿತು. ಆ ಎಂಜಿನಿಯರು ಮುಂದಿನ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿದರು. ಮಗಳು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಆ ಮೇಲೆ ನಾನು ವಿದ್ಯಾರ್ಥಿಯಾಗಿ ಅವಳ ಪಕ್ಕದಲ್ಲಿ ಕುಳಿತು, ಏಕೆ ಹೀಗಾಯಿತೆಂಬುದನ್ನು ಮೊದಲಿನಿಂದ ಕಲಿತೆನು. ಕಲಿತುದನ್ನು ವಾಚಕರ ಮುಂದಿಡುತ್ತೇನೆ. ಇಲ್ಲಿ ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಮಾನವೆಂದು ತಿಳಿಯತಕ್ಕುದು.

ಪ್ರೊಸೆಸರಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮವಾದ ವಿದ್ಯುತ್ಕೀಲಿಗಳಿವೆ. ಒಂದೊಂದನ್ನೂ ಒಂದು ಪುಟ್ಟ ನೀರಿನ ಪಾತ್ರೆಯೆಂದು ಭಾವಿಸೋಣ. ಯಂತ್ರವು ದುಡಿಯುವಾಗ ಈ ಪಾತ್ರೆಗಳು ತುಂಬುತ್ತಲೂ ಬರಿದಾಗುತ್ತಲೂ ಇರುತ್ತವೆ. ಹಾಗೆ ವ್ಯಯವಾದ ಶಕ್ತಿಯೆಲ್ಲ ಶಾಖವಾಗುತ್ತದೆ. ತಾಳವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿದರೆ ಶಾಖವೂ ಅಷ್ಟೇ ಹೆಚ್ಚುವುದು, ಇದು ಸಹಜ. ಆದರೆ ತಾಳವು ಬಹಳ ಚುರುಕಾದಾಗ ಪಾತ್ರೆ ತುಂಬುವುದಕ್ಕೆ ಸಮಯ ಸಾಲದೆ ಲೆಕ್ಕವು ತಪ್ಪುವುದು. ಅದನ್ನು ಸರಿಪಡಿಸುವುದಕ್ಕಾಗಿ ವೋಲ್ಟೇಜನ್ನು, ಅಂದರೆ ವಿದ್ಯುತ್ತಿನ ಒತ್ತಡವನ್ನು, ಏರಿಸಬೇಕಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಒತ್ತಡವನ್ನು ಏರಿಸಿದರೆ ಪಾತ್ರೆಗೆ ಬೀಳುವ ನೀರೂ ಹೆಚ್ಚು, ಆ ನೀರನ್ನು ಎತ್ತಬೇಕಾದ ಎತ್ತರವೂ ಹೆಚ್ಚು. ಹೆಚ್ಚಳವು ಎರಡು ಸಲ ಗುಣಿಸಲ್ಪಡುತ್ತದೆ. ಆದಕಾರಣ ಶಾಖವು ವೇಗಕ್ಕೆ ಸಮಪ್ರಮಾಣದಲ್ಲಿಯೂ, ವೋಲ್ಟೇಜಿಗೆ ವರ್ಗಪ್ರಮಾಣದಲ್ಲಿಯೂ ಬೆಳೆಯುವುದು.

ನಮ್ಮ ಯಂತ್ರದ ಲೆಕ್ಕವನ್ನೇ ನೋಡೋಣ. ವೇಗವು 4.2ರಿಂದ 4.6ಕ್ಕೆ ಏರಿತು, ನೂರಕ್ಕೆ ಒಂಬತ್ತೂವರೆ ಹೆಚ್ಚು. ಅದಕ್ಕಾಗಿ ವೋಲ್ಟೇಜು 1.15ರಿಂದ 1.30ಕ್ಕೆ ಏರಿತು, ಇದರ ವರ್ಗವು ನೂರಕ್ಕೆ ಇಪ್ಪತ್ತೆಂಟು ಹೆಚ್ಚು. ಎರಡನ್ನೂ ಗುಣಿಸಿದರೆ ಶಾಖವು ನೂರಕ್ಕೆ ನಲವತ್ತು ಹೆಚ್ಚಾಯಿತೆಂದು ತಿಳಿಯುವುದು. ಒಂಬತ್ತೂವರೆಯ ಲಾಭಕ್ಕೆ ನಲವತ್ತರ ಬಡ್ಡಿ! ಯಾವ ಗೃಹಸ್ಥನು ಇಂತಹ ಸಾಲವನ್ನು ತಿಳಿದೂ ತಿಳಿದೂ ಮಾಡಿಯಾನು?

ಈ ಶಾಖವು ಹುಟ್ಟುವ ಸ್ಥಳವು ದೊಡ್ಡದಲ್ಲ. ಲೆಕ್ಕ ಮಾಡುವ ಸಿಲಿಕಾನಿನ ಬಿಲ್ಲೆಯು ಸುಮಾರು 80 ಚದರ ಮಿಲಿಮೀಟರು, ಅಂದರೆ ಬೆರಳಿನ ಉಗುರಿನಷ್ಟು. ಹಳೆಯ ಕಾಲದ ಅರುವತ್ತು ವಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿದವರಿಗೆ ಆ ಬಿಸಿಯ ನೆನಪಿದ್ದೀತು. ಅದಕ್ಕೂ ಹೆಚ್ಚಿನ ಶಾಖವು ಉಗುರಿನಗಲದ ಜಾಗದಲ್ಲಿ ಹುಟ್ಟುತ್ತದೆಂದರೆ, ಅದನ್ನು ಕ್ಷಣಕ್ಷಣವೂ ಹೊತ್ತುಕೊಂಡು ಹೋಗುವವರು ಬೇಕೇ ಬೇಕು. ಪ್ರೊಸೆಸರಿನ ಮೇಲೆ ಕೂಡಿಸುವ ಕೂಲರು ಎಂಬ ಲೋಹದ ಪದರಗಳ ಸಾಧನವೂ ಅದರ ಫ್ಯಾನೂ ಮಾಡುವುದು ಇದನ್ನೇ. ಆದರೆ ಆ ಫ್ಯಾನು ಕೊಠಡಿಯ ಗಾಳಿಯನ್ನೇ ಬೀಸಬೇಕಷ್ಟೆ? ಆದ್ದರಿಂದ ಪ್ರೊಸೆಸರಿನ ತಾಪವೆಂದರೆ ಕೊಠಡಿಯ ತಾಪದೊಡನೆ ಕೆಲಸದಿಂದ ಹುಟ್ಟಿದ ಏರಿಕೆಯನ್ನು ಕೂಡಿಸಿದ ಮೊತ್ತ. ಈ ಒಂದು ವಾಕ್ಯವನ್ನು ಮರೆತವನು ಬೇಸಿಗೆಯಲ್ಲಿ ಕೆಡುತ್ತಾನೆ, ನಾನು ಕೆಟ್ಟಂತೆ.

ತಯಾರಕರ ವೇಗದಲ್ಲಿ ನಮ್ಮ ಯಂತ್ರದ ಏರಿಕೆಯು 48 ಡಿಗ್ರಿ. ಶಾಖವು ನೂರಕ್ಕೆ ನಲವತ್ತು ಹೆಚ್ಚಿದಾಗ ಏರಿಕೆಯು 67 ಡಿಗ್ರಿ. ಜನವರಿಯ ರಾತ್ರಿ ಕೊಠಡಿಯಲ್ಲಿ 22 ಡಿಗ್ರಿ ಇದ್ದುದರಿಂದ ಪ್ರೊಸೆಸರು 89ರಲ್ಲಿ ನಿಂತಿತು. ಈ ಪ್ರೊಸೆಸರಿಗೆ ತಯಾರಕರು ಹೇಳಿರುವ ಪರಮಾವಧಿ 95 ಡಿಗ್ರಿ. ಏಪ್ರಿಲಿನಲ್ಲಿ, ಮುಚ್ಚಿದ ಆ ಕೊಠಡಿಯಲ್ಲಿ 36 ಡಿಗ್ರಿ. ಮೂವತ್ತಾರಕ್ಕೆ ಅರುವತ್ತೇಳನ್ನು ಕೂಡಿಸಿದರೆ 103 ಆಗುವುದನ್ನು ಮೂರನೆಯ ತರಗತಿಯ ಹುಡುಗನೂ ಹೇಳಿಯಾನು. ಅದನ್ನು ಹೇಳಲಾರದೆ ಹೋದವನು ಆ ಹುಡುಗನ ಮೇಷ್ಟ್ರು.

ಪರಮಾವಧಿಯನ್ನು ಮುಟ್ಟಿದರೆ ಪ್ರೊಸೆಸರು ಸುಟ್ಟುಹೋಗುವುದೇ ಎಂದು ಕೆಲವರು ಕೇಳುವುದುಂಟು. ಈಗಿನ ಪ್ರೊಸೆಸರುಗಳು ಸಾಮಾನ್ಯವಾಗಿ ಹಾಗೆ ಒಮ್ಮೆಲೇ ಸುಡವು. ಮೊದಲು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಆದರೂ ತಾಪವು ಏರಿದರೆ ಯಂತ್ರವನ್ನೇ ಆರಿಸಿಬಿಡುತ್ತವೆ. ಈ ಪರಮಾವಧಿಯು ಎಲ್ಲಕ್ಕೂ ಒಂದೇ ಅಲ್ಲ. ರೈಜೆನ್ 7 5800ಎಕ್ಸ್ ಎಂಬುದಕ್ಕೆ 90 ಡಿಗ್ರಿ. ಇಂಟೆಲ್ ಸಂಸ್ಥೆಯವರ ಕೋರ್ ಐ9-13900ಕೆ ಎಂಬುದಕ್ಕೆ 100 ಡಿಗ್ರಿ. ತಮ್ಮಲ್ಲಿರುವುದು ಯಾವುದೆಂದು ತಿಳಿದು, ಅದರ ಮಿತಿಯನ್ನು ತಯಾರಕರ ವಿವರಣೆಯಿಂದಲೇ ನೋಡಿಕೊಳ್ಳಬೇಕು.

ಒಮ್ಮೆಲೇ ಸುಡದಿದ್ದರೂ ನಿಧಾನವಾಗಿ ಸವೆಯುವುದುಂಟು. ಹೆಚ್ಚಿನ ವೋಲ್ಟೇಜೂ ಹೆಚ್ಚಿನ ತಾಪವೂ ಒಟ್ಟಾದಲ್ಲಿ ಸಿಲಿಕಾನಿನ ಆಯುಸ್ಸು ಕುಗ್ಗುವುದು. ಇದಕ್ಕೆ ದೃಷ್ಟಾಂತವು ಈಚಿನದೇ ಇದೆ. ಇಂಟೆಲ್ ಸಂಸ್ಥೆಯವರ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅನೇಕವು ತಡವರಿಸತೊಡಗಿದಾಗ, ಪ್ರೊಸೆಸರು ತನಗೆ ಬೇಕಾದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳಿಕೊಳ್ಳುತ್ತಿದ್ದುದು ಅದಕ್ಕೆ ಕಾರಣವೆಂದು ಆ ಸಂಸ್ಥೆಯವರು 2024ರಲ್ಲಿ ಒಪ್ಪಿಕೊಂಡು, ಮೈಕ್ರೋಕೋಡ್ ಎಂಬ ತಿದ್ದುಪಡಿಯನ್ನು ಹೊರಡಿಸಿ, ಖಾತರಿಯ ಅವಧಿಯನ್ನೂ ಎರಡು ವರ್ಷ ಹೆಚ್ಚಿಸಿದರು. ತಿದ್ದುಪಡಿಯು ಮುಂದಿನ ಹಾನಿಯನ್ನು ತಡೆಯುವುದೇ ಹೊರತು ಆಗಲೇ ಸವೆದುದನ್ನು ಮೊದಲಿನಂತೆ ಮಾಡಲಾರದು. ತಯಾರಕರ ಕೈಯಲ್ಲಿಯೇ ಹೀಗಾಗುವಾಗ, ಮನೆಯಲ್ಲಿ ವೋಲ್ಟೇಜನ್ನು ಏರಿಸುವವರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಓವರ್‌ಕ್ಲಾಕಿಂಗಿನಿಂದಾದ ಹಾನಿಗೆ ಇಂಟೆಲ್ ಆಗಲಿ ಎ.ಎಂ.ಡಿ. ಆಗಲಿ ಖಾತರಿಯನ್ನು ಕೊಡುವುದಿಲ್ಲವೆಂಬುದನ್ನೂ ಮೊದಲೇ ತಿಳಿದಿರಬೇಕು.

ಹಿಂದೆ ಈ ವಿದ್ಯೆಯಲ್ಲಿ ಲಾಭವು ಬಹಳವಿತ್ತು. 1998ರಲ್ಲಿ ಬಂದ ಇಂಟೆಲ್ಲಿನ ಸೆಲೆರಾನ್ 300ಎ ಎಂಬುದನ್ನು ಅನೇಕರು 300 ಮೆಗಾಹರ್ಟ್ಜ್‌ನಿಂದ 450ಕ್ಕೆ ಏರಿಸಿ ನಿಶ್ಚಿಂತೆಯಾಗಿ ನಡೆಯಿಸುತ್ತಿದ್ದರು, ಒಂದಕ್ಕೆ ಒಂದೂವರೆ. ಈಗ ತಯಾರಕರೇ ಯಂತ್ರದ ಕಸುವನ್ನು ಬಹುಮಟ್ಟಿಗೆ ಹಿಂಡಿ ಕೊಡುತ್ತಾರೆ. ನಮಗೆ ಉಳಿಯುವುದು ಪಾತ್ರೆಯ ತಳದಲ್ಲಿರುವಷ್ಟೇ. ದ್ರವರೂಪದ ಸಾರಜನಕವನ್ನು ಸುರಿದು, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಟು ಗಿಗಾಹರ್ಟ್ಜ್‌ಗೂ ಮೀರಿ ಓಡಿಸಿದ ಪಂದ್ಯಗಾರರೂ ಉಂಟು. ಅದು ಕೆಲವು ನಿಮಿಷಗಳ ಪ್ರದರ್ಶನ. ರಾತ್ರಿಯೆಲ್ಲ ದುಡಿಯುವ ಮನೆಯ ಯಂತ್ರಕ್ಕೆ ಸಲ್ಲದು.

ಹೀಗಿರಲು ಮಾಡತಕ್ಕುದೇನು? ವೇಗವನ್ನು ಏರಿಸುವುದಕ್ಕೆ ಮೊದಲು ತಾಪವನ್ನು ಇಳಿಸಬೇಕು. ನಾವು ಮಾಡಿದ ಕ್ರಮವನ್ನೇ ಹೇಳುತ್ತೇನೆ.

ಮೊದಲನೆಯದು, ಅಳತೆ. ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶವು ಪ್ರೊಸೆಸರಿನ ತಾಪ, ವೇಗ, ವೋಲ್ಟೇಜುಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಸಿನೆಬೆಂಚ್ ಎಂಬುದು ಪ್ರೊಸೆಸರಿಗೆ ಪೂರ್ಣವಾದ ದುಡಿಮೆಯನ್ನು ಕೊಡುತ್ತದೆ. ಕೊಠಡಿಯ ಗೋಡೆಗೆ ಒಂದು ಸಾಧಾರಣ ಥರ್ಮಾಮೀಟರನ್ನು ನೇತುಹಾಕಿ, ಅರ್ಧ ಗಂಟೆಯ ದುಡಿಮೆಯ ಬಳಿಕ ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆವು. ಹಾಜರಿ ಪುಸ್ತಕವನ್ನು ಬರೆದು ಬರೆದು ಪಳಗಿದ ಕೈಯಾದುದರಿಂದ ಆ ಕೆಲಸವು ನನ್ನ ಪಾಲಿಗೆ ಬಂದಿತು. ಕೊಠಡಿಯ ತಾಪವನ್ನು ಬರೆಯದೆ ಪ್ರೊಸೆಸರಿನ ತಾಪವನ್ನು ಮಾತ್ರ ಬರೆಯುವುದು, ಸಾಲವನ್ನು ಬರೆಯದೆ ಆದಾಯವನ್ನು ಮಾತ್ರ ಬರೆದಂತೆ.

ಎರಡನೆಯದು, ಶುಚಿತ್ವ ಮತ್ತು ಗಾಳಿ. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ತೆಗೆದು, ಕ್ಯಾಬಿನೆಟ್ಟನ್ನು ತೆರೆದು ನೋಡಿದರೆ ಕೂಲರಿನ ಪದರಗಳ ನಡುವೆ ಧೂಳು ಹತ್ತಿಯಂತೆ ಮೆತ್ತಿಕೊಂಡಿತ್ತು. ಮೃದುವಾದ ಬ್ರಷ್ಷಿನಿಂದಲೂ ಗಾಳಿಯ ಊದುಗದಿಂದಲೂ ಅದನ್ನು ತೆಗೆದೆವು. ಊದುವಾಗ ಫ್ಯಾನು ಗಿರ್ರನೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಗೋಡೆಗೆ ಒತ್ತಿ ಇಟ್ಟಿದ್ದ ಕ್ಯಾಬಿನೆಟ್ಟನ್ನು ಒಂದು ಗೇಣು ಈಚೆಗೆ ಎಳೆದು, ಮುಂದಿನಿಂದ ಗಾಳಿ ಬಂದು ಹಿಂದಿನಿಂದಲೂ ಮೇಲಿನಿಂದಲೂ ಹೋಗುವಂತೆ ಮಾಡಿದೆವು. ಧೂಳಿಗೆಂದು ಮನೆಯಾಕೆಯು ಪ್ರೀತಿಯಿಂದ ಹೊಲಿದು ಹೊದಿಸಿದ್ದ ಬಟ್ಟೆಯ ಮುಸುಕನ್ನು, ಯಂತ್ರವು ನಡೆಯುತ್ತಿರುವಾಗ ತೆಗೆದಿಡುವ ನಿಯಮವನ್ನು ಮಾಡಿದೆವು. ಮೇಲಿನ ಸೀಲಿಂಗ್ ಫ್ಯಾನಿನಿಂದ ನಮಗೆ ತಂಪಾಗುವುದು ಬೆವರು ಆರುವುದರಿಂದ, ಪ್ರೊಸೆಸರಿಗೆ ಬೆವರಿಲ್ಲ. ಅದಕ್ಕೆ ಬೇಕಾದುದು ತೆರೆದ ಬಾಗಿಲು, ತೆರೆದ ಕಿಟಕಿ.

ಮೂರನೆಯದು, ಕೂಲರು. ಪ್ರೊಸೆಸರಿನೊಡನೆ ಬಂದ ಚಿಕ್ಕ ಕೂಲರಿನ ಬದಲು, ತಾಮ್ರದ ಶಾಖನಾಳಗಳೂ 120 ಮಿಲಿಮೀಟರಿನ ಫ್ಯಾನೂ ಇರುವ ಗೋಪುರದ ಆಕಾರದ ಕೂಲರನ್ನು ತಂದೆವು. ಕೊಳ್ಳುವ ಮೊದಲು ಅದರ ಎತ್ತರವು ನಮ್ಮ ಕ್ಯಾಬಿನೆಟ್ಟಿನಲ್ಲಿ ಹಿಡಿಯುವುದೇ ಎಂದು ಅಳೆದು ನೋಡತಕ್ಕುದು. ಹಳೆಯದನ್ನು ತೆಗೆಯುವಾಗ ಒಂದು ಅಪಾಯವುಂಟು. ನಮ್ಮದರಂತಹ ಪ್ರೊಸೆಸರಿನ ಕೆಳಭಾಗದಲ್ಲಿ ಸೂಕ್ಷ್ಮವಾದ ಸೂಜಿಗಳಿವೆ. ಒಣಗಿದ ಪೇಸ್ಟು ಗೋಂದಿನಂತೆ ಹಿಡಿದುಕೊಂಡು, ಕೂಲರನ್ನು ಎತ್ತಿದರೆ ಪ್ರೊಸೆಸರೇ ಕಿತ್ತು ಬಂದು ಸೂಜಿಗಳು ಬಾಗುವುದುಂಟು. ಆದ್ದರಿಂದ ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ನಡೆಯಿಸಿ ಪೇಸ್ಟನ್ನು ಮೆದುವಾಗಿಸಿ, ಆಮೇಲೆ ಆರಿಸಿ ಪ್ಲಗ್ಗನ್ನು ತೆಗೆದು, ಕೂಲರಿನ ಬಂಧವನ್ನು ಬಿಚ್ಚಿ, ಅದನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ಬಿಡಿಸಬೇಕು. ಹಳೆಯ ಪೇಸ್ಟನ್ನು ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಪೇಸ್ಟನ್ನು ಬಟಾಣಿ ಕಾಳಿನಷ್ಟು ಮಾತ್ರ ನಡುವೆ ಇಟ್ಟು, ಹೊಸ ಕೂಲರನ್ನು ಕೂಡಿಸಬೇಕು. ಅದರ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ಕಿನ ತೆಳುಹಾಳೆಯನ್ನು ತೆಗೆಯುವುದಕ್ಕೆ ಮರೆತು ಫಜೀತಿಪಟ್ಟವರು ಒಬ್ಬಿಬ್ಬರಲ್ಲ.

ಇಷ್ಟಾದ ಮೇಲೆ ತಯಾರಕರ ವೇಗದಲ್ಲಿ ಏರಿಕೆಯು 48ರಿಂದ 36 ಡಿಗ್ರಿಗೆ ಇಳಿಯಿತು.

ನಾಲ್ಕನೆಯದಾಗಿ ವೇಗದ ಮಾತಿಗೆ ಬಂದೆವು. ಈ ಸಲ ವೋಲ್ಟೇಜನ್ನು ಏರಿಸಲಿಲ್ಲ. ಬಯೋಸ್ ಎಂಬ ಮೂಲ ವ್ಯವಸ್ಥೆಯಲ್ಲಿ ಕರ್ವ್ ಆಪ್ಟಿಮೈಸರ್ ಎಂಬ ಸೌಕರ್ಯವಿದೆ. ಅದರಿಂದ ಒಂದೊಂದು ವೇಗಕ್ಕೆ ಬೇಕಾಗುವ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಕಡಮೆ ಮಾಡಬಹುದು. ಒಂದು ಸಲಕ್ಕೆ ಒಂದೇ ಮೆಟ್ಟಿಲು; ಪ್ರತಿ ಮೆಟ್ಟಿಲಿಗೂ ಪರೀಕ್ಷೆ; ಲೆಕ್ಕ ತಪ್ಪಿದರೆ ಅಥವಾ ಯಂತ್ರವು ತಡವರಿಸಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಕೊನೆಗೆ ಮೊದಲಿದ್ದ 1.15 ವೋಲ್ಟಿನಲ್ಲಿಯೇ 4.45 ಗಿಗಾಹರ್ಟ್ಜ್ ವೇಗವು ದೊರಕಿತು. ಮೇ ತಿಂಗಳ ಒಂದು ಮಧ್ಯಾಹ್ನ, ಕೊಠಡಿಯಲ್ಲಿ 37 ಡಿಗ್ರಿ ಇರುವಾಗಲೇ ಬೇಕೆಂದು ಪರೀಕ್ಷಿಸಿದೆವು; ಪ್ರೊಸೆಸರು 75ನ್ನು ದಾಟಲಿಲ್ಲ. ನಮ್ಮ ಮರೆವಿಗೆ ಕಾವಲಾಗಿ, ತಾಪವು 80 ಡಿಗ್ರಿ ಮುಟ್ಟಿದರೆ ವೇಗವು ತಾನೇ ಇಳಿಯುವಂತೆ ಬಯೋಸಿನಲ್ಲಿಯೇ ಮಿತಿಯನ್ನು ಹಾಕಿದೆವು.

ಈಗ ಒಂಬತ್ತು ಗಂಟೆಯ ಕೆಲಸವು ಎಂಟೂವರೆ ಗಂಟೆಗೆ ಮುಗಿಯುತ್ತದೆ. ಲಾಭವು ನಲವತ್ತೇಳು ನಿಮಿಷದಿಂದ ಮೂವತ್ತಕ್ಕೆ ಇಳಿಯಿತು. ಬಿಟ್ಟುಕೊಟ್ಟ ಆ ಹದಿನೇಳು ನಿಮಿಷಗಳೇ ನಮ್ಮ ನಿದ್ರೆಯನ್ನು ನಮಗೆ ಹಿಂದಿರುಗಿಸಿದವು. ಏಪ್ರಿಲಿನ ಆ ರಾತ್ರಿಯಲ್ಲಿ ಕಳೆದುಕೊಂಡ ಕಾಲವನ್ನು ನಲವತ್ತೇಳು ನಿಮಿಷದ ಕಂತುಗಳಲ್ಲಿ ತೀರಿಸುವುದಕ್ಕೆ ಎಷ್ಟು ತಿಂಗಳು ಬೇಕಾಗುತ್ತಿತ್ತೋ, ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ಸಂಸ್ಕೃತದಲ್ಲಿ ತಪ್ ಎಂಬ ಒಂದೇ ಧಾತುವಿನಿಂದ ತಾಪವೂ, ತಪಸ್ಸೂ, ಪಶ್ಚಾತ್ತಾಪವೂ ಹುಟ್ಟಿವೆ. ಮಿತಿಯಲ್ಲಿ ಹಿಡಿದ ಶಾಖವು ತಪಸ್ಸಾಗಿ ಫಲವನ್ನು ಕೊಡುವುದು. ಮಿತಿಯನ್ನು ಮೀರಿದುದು ಬೆಳಗಾಗುವುದರೊಳಗೆ ಪಶ್ಚಾತ್ತಾಪವಾಗುವುದು. ಮೂವತ್ತು ವರ್ಷ ಈ ಶಬ್ದಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನಿಗೆ ಅವುಗಳ ಅರ್ಥವನ್ನು ತಿಳಿಸಿಕೊಟ್ಟದ್ದು ಮಗಳ ಕಂಪ್ಯೂಟರು.

ಕಳೆದ ವಾರ ಅದೇ ಎಂಜಿನಿಯರು ಮನೆಗೆ ಬಂದು, ಎರಡು ಮನೆಗಳ ಚಿತ್ರಗಳು ಎಂದಿಗೆ ಸಿಕ್ಕಾವೆಂದು ನನ್ನನ್ನು ಕೇಳಿದರು. ನಾನು, "ಅದನ್ನು ಅವಳನ್ನೇ ಕೇಳಿರಿ" ಎಂದು ಹೇಳಿ, ಕಾಫಿಗೆ ಹೇಳಿ ಬರುವುದಕ್ಕೆಂದು ಒಳಕ್ಕೆ ಹೋದೆನು.